ಹಿಂದಿನ ಸೈಕಲ್ಲಿನ ಮಾತು

ಹಿಂದಿನ ಸೈಕಲ್ಲಿನಿಂದ ಹೆಂಡತಿ ಏನೋ ಹೇಳಿದಳೆಂದು ಅನ್ನಿಸಿ ವೇಣುಗೋಪಾಲ್ ‘ಹೂಂ’ ಎಂದ. ಏನು ಹೇಳಿದಳೆಂದು ಗೊತ್ತಾಗಲಿಲ್ಲ. ಗೊತ್ತಾಗದಿದ್ದಾಗ ಹೂಂ ಎನ್ನುವುದು ಅವನಿಗೆ ಉಸಿರಾಡಿದಷ್ಟೇ ಸಲೀಸಾಗಿಬಿಟ್ಟಿತ್ತು. ಬೆಳಿಗ್ಗೆ ದೊಡ್ಡಬಳ್ಳಾಪುರ ಬಿಟ್ಟಾಗಿನಿಂದ ಹೀಗೆ ಎಷ್ಟು ಹೂಂಗಳನ್ನು ರಸ್ತೆಯುದ್ದಕ್ಕೂ ಚೆಲ್ಲಿಕೊಂಡು ಬಂದಿದ್ದನೋ, ಲೆಕ್ಕವಿಟ್ಟವರಾರು. ಬಿಸಿಲು ಇನ್ನೂ ಎಳೆಯದಾಗಿತ್ತು. ಎರಡೂ ಕಡೆ ತೆನೆ ಬಿಟ್ಟ ರಾಗಿ, ರಾಗಿಯ ನಡುವೆ ಅಲ್ಲಲ್ಲಿ ಕಲ್ಲು ನೆಟ್ಟು ಬಣ್ಣದ ಬಾವುಟ ಕಟ್ಟಿದ ಸೈಟುಗಳು. ಅವನ ಗಮನ ಇದಾವುದರ ಮೇಲೂ ಇರಲಿಲ್ಲ, ಎಲ್ಲ ಬೆನ್ನ ಹಿಂದೆಯೇ ಇತ್ತು. ನೀವು ಮುಂದೆ ಹೋಗಿ, ನಾನು ಹಿಂದೆ ಇರ್ತೀನಿ ಎಂದು ಹೊರಡುವಾಗ ಅವಳೇ ಹೇಳಿದ್ದಳು. ಆಗ ಅದು ಹೆಂಡತಿಯಾದವಳು ಆಡುವ ಮಾತಿನಂತೆಯೇ ಕಂಡಿತ್ತು. ಈಗ ಯೋಚಿಸಿದರೆ, ಹಿಂದಿರುವವರಿಗೆ ಮುಂದಿರುವವರು ಪೂರ್ತಿ ಕಾಣುತ್ತಾರೆ, ಮುಂದಿರುವವರಿಗೆ ಹಿಂದಿರುವವರ ಒಂದು ಕೂದಲೂ ಕಾಣುವುದಿಲ್ಲ. ಇಷ್ಟು ಸಣ್ಣ ವಿಷಯ ಹೊರಡುವಾಗಲೇ ಹೊಳೆಯಬಾರದಿತ್ತೇ ಎಂದು ತನ್ನ ಮೇಲೆಯೇ ರೇಗಿಕೊಂಡು ತಿರುಗಿ ನೋಡಿದ. ಬನಶಂಕರಿ ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಮಗಳು ಅರ್ಪಿತಳಿಗೆ ಹೈಸ್ಕೂಲಿನಲ್ಲಿ ಸರ್ಕಾರ ಕೊಟ್ಟಿದ್ದ ಸೈಕಲ್ಲನ್ನು ಹೊಸ ಟೈರು ಹಾಕಿಸಿಕೊಂಡು ತುಳಿಯುತ್ತಿದ್ದಳು. ಬಾಯಿ ಮುಚ್ಚಿತ್ತು. ಹೆಬ್ಬೆರಳು ಬೆಲ್ಲಿನ ಮೇಲೆ ಆಡುತ್ತಿತ್ತು. ಬೆಲ್ಲು ಹೊಡೆಯುತ್ತಿದ್ದಾಳೋ ಸುಮ್ಮನೆ ಸವರುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ.

ಅವನ ಕಿವಿ ಹೋಗುತ್ತಿತ್ತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ಹೇಳುವ ಪ್ರಮೇಯವೂ ಬಂದಿರಲಿಲ್ಲ. ಹುಟ್ಟಿದ್ದೇ ಮಗ್ಗದ ಮನೆಯಲ್ಲಿ. ಅಪ್ಪನ ಕೈಮಗ್ಗ ಹೋಗಿ ಪವರ್‌ಲೂಮ್ ಬಂದಮೇಲೆ ಅಡುಗೆಮನೆಯ ಗೋಡೆಗೇ ಒತ್ತಿಕೊಂಡು ಶೆಡ್ಡು ಎದ್ದಿತು. ಅಂದಿನಿಂದ ಆ ಮನೆಯಲ್ಲಿ ತಟ್ಟೆ ಲೋಟಗಳು ನೆಮ್ಮದಿಯಾಗಿ ಕೂತದ್ದೇ ಇಲ್ಲ. ಮಗ್ಗ ಓಡುವಾಗ ಶೆಡ್ಡಿನಲ್ಲಿ ಯಾರೂ ಗಂಟಲು ಹರಿದುಕೊಳ್ಳುವುದಿಲ್ಲ, ತುಟಿ ಆಡಿಸಿದರೆ ಸಾಕು. ದಾರ ಹರಿದಿದೆ, ಕಂಡಿಕೆಯ ನೂಲು ಮುಗಿದಿದೆ, ಟೀ ಬಂದಿದೆ, ನಿಮ್ಮತ್ತೆ ಬಂದಿದ್ದಾರೆ, ಎಲ್ಲವನ್ನೂ ಸದ್ದಿಲ್ಲದ ತುಟಿಯಲ್ಲೇ ಹೇಳುತ್ತಾರೆ, ಆ ತುದಿಯಲ್ಲಿರುವವರು ಕಣ್ಣಿನಲ್ಲೇ ಕೇಳಿಸಿಕೊಳ್ಳುತ್ತಾರೆ. ಆ ವಿದ್ಯೆಯಲ್ಲಿ ವೇಣುಗೋಪಾಲನನ್ನು ಮೀರಿಸಿದವರು ಅವರ ಬೀದಿಯಲ್ಲಿರಲಿಲ್ಲ. ಬಸ್‌ಸ್ಟ್ಯಾಂಡಿನ ಈ ಕಡೆ ನಿಂತು ಆ ಕಡೆಯ ಗಂಡಹೆಂಡಿರ ಜಗಳವನ್ನು ಓದಿ ಹೇಳಿ ಗೆಳೆಯರನ್ನು ನಗಿಸುತ್ತಿದ್ದ. ಹಾಗಾಗಿ ಕಿವಿ ಸ್ವಲ್ಪಸ್ವಲ್ಪವಾಗಿ ಕೈಕೊಡತೊಡಗಿದಾಗ ಕಣ್ಣು ಅದರ ಕೆಲಸವನ್ನು ಗುಟ್ಟಾಗಿ ವಹಿಸಿಕೊಂಡಿತು. ಮಾತಾಡುವವರ ಎದುರಿಗೇ ಕೂರುವುದು, ನಾಲ್ಕು ಜನ ನಕ್ಕಾಗ ತಾನೂ ನಗುವುದು, ಫೋನು ಬಂದರೆ ಟವರ್ ಇಲ್ಲವೆಂದು ಹೆಂಡತಿಯ ಕೈಗೆ ಕೊಡುವುದು. ಉಳಿದದ್ದಕ್ಕೆಲ್ಲ ಹೂಂ ಇತ್ತು. ಪಾಪ, ಯಾವುದಕ್ಕೂ ಎದುರಾಡುವವನಲ್ಲ ಎಂದು ಊರಿನಲ್ಲಿ ಅವನಿಗೆ ಸಾಧು ಎಂಬ ಹೆಸರೂ ಬಂದಿತ್ತು. ಒಮ್ಮೆ ಮಾತ್ರ ದೊಡ್ಡ ಎಡವಟ್ಟಾಯಿತು. ಯಾರೋ ಗೇಟಿನ ಹತ್ತಿರ ನಿಂತು, ಮಗ್ಗಕ್ಕೆ ಹಾಸುನೂಲಿನ ಬೀಮು ಏರಿಸಿಕೊಡುತ್ತಿದ್ದ ಮುನಿವೆಂಕಟಪ್ಪ ಹೋಗಿಬಿಟ್ಟ ಎಂದರೆ, ಬಿಸಿಲು ಕಣ್ಣಿಗೆ ಹೊಡೆದು ತುಟಿ ಕಾಣದೆ, ‘ಹೂಂ, ಒಳ್ಳೇದಾಯ್ತು ಬಿಡಿ’ ಎಂದು ಇವನು ನಗುನಗುತ್ತ ಹೇಳಿದ್ದ. ಬಂದವನ ಮುಖ ಹೇಗೆ ಬಿದ್ದುಹೋಯಿತೆಂಬುದು ಈಗಲೂ, ಹೀಗೆ ಸೈಕಲ್ ತುಳಿಯುತ್ತಿರುವಾಗಲೂ, ಇದ್ದಕ್ಕಿದ್ದಂತೆ ಎದುರಿಗೆ ಬಂದು ನಿಂತು ಮೈಯೆಲ್ಲ ಹಿಡಿಯಷ್ಟಾಗುತ್ತದೆ. ಹೆಣದ ಮುಂದೆ ಸೇರಿದ್ದವರೆಲ್ಲ ಆವತ್ತು ತನ್ನನ್ನೇ ನೋಡಿದರೆಂದು ಅವನ ನಂಬಿಕೆ.

ಅಂಥವನನ್ನು ಸೈಕಲ್ ಟೂರಿಗೆ ಹೊರಡಿಸಿದವಳು ಬನಶಂಕರಿ. ಘಾಟಿ ಸುಬ್ರಹ್ಮಣ್ಯ ಬಿಟ್ಟರೆ ಎಲ್ಲಿಗೂ ಕರೆದುಕೊಂಡು ಹೋಗಿ ಎಂದು ಕೇಳಿದವಳಲ್ಲ. ತನ್ನ ಸಕ್ಕರೆ ಕಾಯಿಲೆಗೆ ವ್ಯಾಯಾಮ ಬೇಕೆಂದು ಡಾಕ್ಟರು ಹೇಳಿದ್ದೇ ನೆಪವಾಗಿ, ಈ ವಯಸ್ಸಿನಲ್ಲಿ ಮೊಣಕಾಲು ತರಚಿಕೊಂಡು ಸೈಕಲ್ ಕಲಿತಳು. ಕಲಿತವಳು ಕೆರೆ ಏರಿಯವರೆಗೆ ಹೋಗಿ ಬರುತ್ತಿದ್ದಳು, ಅಲ್ಲಿಗೇ ನಿಲ್ಲಿಸಬಹುದಿತ್ತು. ಈಗ ನೋಡಿದರೆ ಇಷ್ಟು ದೊಡ್ಡ ಸುತ್ತು. ದೇವನಹಳ್ಳಿ ದಾಟಿ, ಹೊಸಕೋಟೆಯ ಆಚೆ ಸಮೇತನಹಳ್ಳಿಯಲ್ಲಿ ಅವಳ ತಂಗಿ ರೂಪಳ ಮನೆಯಲ್ಲಿ ಉಳಿಯುವುದು, ಆಮೇಲೆ ಅಲ್ಲಿಂದ ನೆಲಮಂಗಲಕ್ಕೆ ಹೋಗಿ, ಆಸ್ಪತ್ರೆಯಲ್ಲಿ ಕೆಲಸಕ್ಕಿರುವ ಅರ್ಪಿತಳನ್ನು ನೋಡಿಕೊಂಡು ಊರು ಸೇರುವುದು. ಅಷ್ಟು ದಿನವೂ ಶೆಡ್ಡಿಗೆ ಬೀಗ. ಹಬ್ಬಕ್ಕೂ ಪೂರ್ತಿ ದಿನ ನಿಲ್ಲದ ಮಗ್ಗಗಳು! ಯಾಕೆಂದು ಕೇಳಿದ್ದಕ್ಕೆ, ‘ಇಬ್ರೇ ಹೋಗೋಣ ರೀ, ಮಾತಾಡ್ಕೊಂಡು’ ಎಂದಿದ್ದಳು. ಆ ಮಾತಾಡಿಕೊಂಡು ಎಂಬುದನ್ನು ಅವನು ತಲೆಯೊಳಗೆ ತಿರುವಿ ಹಾಕುತ್ತಲೇ ಇದ್ದ. ಇಷ್ಟು ವರ್ಷ ಇಲ್ಲದ ಮಾತು ಈಗ ಏನು ಬಂತು? ಟೀ ಅಂಗಡಿಯ ಮುನಿಸ್ವಾಮಿ ವಿಷಯ ತಿಳಿದು, ಗಂಡನನ್ನು ಟೂರಿಗೆ ಕರೆದೊಯ್ದು ಮುಗಿಸಿದ ಹೆಂಡತಿಯರ ಬಗ್ಗೆ ಈಗೀಗ ಫೋನುಗಳಲ್ಲಿ ಓಡಾಡುವ ಸುದ್ದಿಗಳನ್ನೆಲ್ಲ ನೆನಪಿಸಿ, ‘ಹುಷಾರು ಗುರು, ಈ ಕಾಲದಲ್ಲಿ ಹೆಂಡ್ತಿ ಟೂರ್‌ಗೆ ಕರೆದ್ರೆ ಬೆನ್ ಹಿಂದೆ ಒಂದ್ ಕಣ್ಣಿಟ್ಕೊಂಡು ಹೋಗ್ಬೇಕು’ ಎಂದು ಕಣ್ಣು ಹೊಡೆದಿದ್ದ. ಎಲ್ಲರೂ ನಕ್ಕರು, ಇವನೂ ನಕ್ಕ. ಮನೆಗೆ ಬಂದು ಮುಖ ತೊಳೆಯುವಷ್ಟರಲ್ಲಿ ನಗು ಹೋಗಿ ತಲೆಯಲ್ಲಿ ಹುಳ ಮಾತ್ರ ಉಳಿದಿತ್ತು.

ಆ ಹುಳಕ್ಕೆ ರೆಕ್ಕೆ ಬಂದದ್ದು ಆವತಿಯಲ್ಲಿ. ಮೊದಲನೆಯದಾಗಿ ಆವತಿಗೆ ಹೋಗಬೇಕಾದ ಕಾರಣವೇ ಇರಲಿಲ್ಲ, ದೇವನಹಳ್ಳಿಗೆ ನೇರ ರಸ್ತೆಯಿದೆ. ಅಲ್ಲಿ ಲಾರಿಗಳ ಕಾಟ, ಹಳ್ಳಿಗಳ ಮೇಲೆ ಹೋಗೋಣ ಎಂದು ಅವಳು ಸುತ್ತು ಹಾಕಿಸಿದ್ದಳು. ಊರು ಸಿಕ್ಕಿದ ಮೇಲೆ ಅವನ ಪಕ್ಕಕ್ಕೆ ಬಂದು, ಇಲ್ಲೇ ಕೆಂಪರಾಜಣ್ಣನ ಮನೆ, ಒಂದು ಲೋಟ ನೀರು ಕುಡಿದು ಹೋಗೋಣ ಎಂದಳು. ಕೆಂಪರಾಜ್ ಯಾರೆಂದು ಅವನಿಗೆ ಚೆನ್ನಾಗಿ ಗೊತ್ತು. ಟೊಮೆಟೊ ಗಿಡಗಳನ್ನು ಕೋಲಿಗೆ ಕಟ್ಟುವ ಕಾಲಕ್ಕೆ ಶೆಡ್ಡಿಗೆ ಬಂದು ವೇಸ್ಟ್ ದಾರ ತುಂಬಿಕೊಂಡು ಹೋಗುವ ಆವತಿಯ ರೈತ. ಈಗ ಬೇಸಾಯದ ಜೊತೆಗೆ ಏರ್‌ಪೋರ್ಟಿಗೆ ಕಾರೂ ಓಡಿಸುತ್ತಾನೆ. ದಾರ ತುಂಬಿಕೊಡುವವಳು ಬನಶಂಕರಿ. ಒಂದು ಚೀಲ ದಾರ ತುಂಬಲು ಎಷ್ಟು ಹೊತ್ತು ಬೇಕೆಂಬ ಪ್ರಶ್ನೆಯನ್ನು ಅವನು ಹೋದ ಸಲವೇ ತನ್ನೊಳಗೆ ಕೇಳಿಕೊಂಡಿದ್ದ. ಈಗ ಆ ಮನುಷ್ಯನ ಜಗುಲಿಯ ಮೇಲೆ ಕೂತಿದ್ದಾಯಿತು. ಕೂತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಅವಳು, ನಿಮ್ಮ ಹಿಂದಿನ ಚಕ್ರಕ್ಕೆ ಗಾಳಿ ಕಮ್ಮಿಯಾಗಿದೆ, ಎದುರು ಅಂಗಡಿಯಲ್ಲಿ ಹಾಕಿಸಿಕೊಂಡು ಬನ್ನಿ ಎಂದಳು. ಚಕ್ರ ಒತ್ತಿ ನೋಡಿದ. ಗಾಳಿ ಸ್ವಲ್ಪ ಕಮ್ಮಿಯೇ ಇತ್ತು, ಆದರೆ ಅದನ್ನು ಈಗಲೇ ಹೇಳಬೇಕಿತ್ತೇ?

ರಸ್ತೆ ದಾಟಿ, ಅಂಗಡಿಯವನು ಪಂಪು ಒತ್ತುತ್ತಿದ್ದಾಗ ವೇಣುಗೋಪಾಲ್ ತಲೆಯೆತ್ತಿ ನೋಡಿದ. ಕೆಂಪರಾಜನ ತುಟಿ ದಪ್ಪ ಮೀಸೆಯೊಳಗೆ ಮುಚ್ಚಿಹೋಗಿತ್ತು. ಅವಳ ಮುಖ ಪೂರ್ತಿ ಬಿಸಿಲಿಗಿತ್ತು. ‘ನಾನ್ ಬರ್ತೀನಿ’ ಎಂದಿತು ಅವಳ ತುಟಿ. ಕೆಂಪರಾಜ್ ಏನೋ ಕೇಳಿದ. ಅವಳು ರಸ್ತೆಯ ಈ ಕಡೆಗೊಮ್ಮೆ ಕಣ್ಣು ಹಾಯಿಸಿ, ತುಟಿಗಳನ್ನು ದುಂಡಗೆ ಮುಂದೆ ಚಾಚಿ ಮುಚ್ಚಿದಳು, ಮುತ್ತು ಕೊಡುವವರು ಮಾಡುವ ಹಾಗೆ, ಮತ್ತು ನಕ್ಕಳು. ಅವನೂ ಮೀಸೆ ಸವರಿಕೊಂಡು ನಕ್ಕ. ‘ಬರ್ತೀನಿ’ ಎಂದು ಇನ್ನೊಮ್ಮೆ ಅಂದಳು. ಬರ್ತೀನಿ ಎನ್ನುವುದು ಹೊರಡುವವರೆಲ್ಲ ಹೇಳುವ ಮಾತು ತಾನೇ ಎಂದು ವೇಣುಗೋಪಾಲ್ ತನಗೆ ತಾನೇ ಸಮಾಧಾನ ಹೇಳಿಕೊಳ್ಳಲು ನೋಡಿದ. ಆದರೆ ಬರ್ತೀನಿ ಎಂದವರು ಏಳುತ್ತಾರೆ. ಅವಳು ಏಳಲಿಲ್ಲ, ಒಳಗಿನಿಂದ ಬಂದ ಮಜ್ಜಿಗೆಯ ಲೋಟ ಹಿಡಿದು ಇನ್ನೂ ಆರಾಮವಾಗಿ ಕಾಲು ಚಾಚಿದಳು. ಅವನು ಸೈಕಲ್ ತಳ್ಳಿಕೊಂಡು ಬಂದು ಏನು ಮಾತು ನಡೀತಿತ್ತು ಎಂದು ಕೇಳಿದರೆ, ಆಮೇಲೆ ಹೇಳ್ತೀನಿ ಎಂದು ಮುಖ ಆ ಕಡೆ ತಿರುಗಿಸಿದಳು. ಹೊರಡುವಾಗ ಕೆಂಪರಾಜ್ ಎರಡೂ ಕೈಯಲ್ಲಿ ಅವನ ಕೈ ಹಿಡಿದುಕೊಂಡು ಮೀಸೆಯೊಳಗಿಂದ ಏನೇನೋ ಹೇಳಿದ, ಬಹಳ ಮರ್ಯಾದೆಯಿಂದಲೇ ಹೇಳಿದ. ಒಂದಕ್ಷರವೂ ಕಾಣಲಿಲ್ಲ. ತನ್ನ ಹೆಂಡತಿಯನ್ನು ನಗಿಸಿದವನ ಕೈಯಲ್ಲಿ ಕೈಯಿಟ್ಟು ವೇಣುಗೋಪಾಲ್ ಹೂಂ, ಹೂಂ ಎಂದ.

ಮುಖ ತಿರುಗಿಸುವುದನ್ನು ಅವಳು ಕಲಿತದ್ದು ಅವನ ಮನೆಯಲ್ಲಿ. ಮದುವೆಯಾದ ಹೊಸತರಲ್ಲಿ ಅವಳು ಶೆಡ್ಡಿನ ಆ ಮೂಲೆಯಲ್ಲಿ ಕೂತು ಕಂಡಿಕೆ ಸುತ್ತುತ್ತಿದ್ದಳು, ಅವನು ಈ ಕಡೆ ಮಗ್ಗ ನೋಡಿಕೊಳ್ಳುತ್ತಿದ್ದ. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ. ಇಬ್ಬರಿಗೂ ಮಾತಾಡಲು ಸಿಕ್ಕಿದ ಒಂದೇ ಜಾಗ ಆ ಗಲಾಟೆ. ಎಲ್ಲರ ನಡುವೆಯೇ, ಯಾರಿಗೂ ಗೊತ್ತಾಗುವುದಿಲ್ಲವೆಂಬ ಧೈರ್ಯದಲ್ಲಿ, ತುಟಿಯಲ್ಲಿ ಆಡಬಾರದ್ದನ್ನೆಲ್ಲ ಆಡಿಕೊಳ್ಳುತ್ತಿದ್ದರು. ಒಂದು ದಿನ ಊಟಕ್ಕೆ ಕೂತಾಗ ಅಮ್ಮ ಅನ್ನ ಬಡಿಸುತ್ತ, ಅವನು ಬೆಳಿಗ್ಗೆ ಹೆಂಡತಿಯನ್ನು ಕರೆದಿದ್ದ ಮುದ್ದಿನ ಹೆಸರನ್ನು ಹಾಗೇ ಒಪ್ಪಿಸಿಬಿಟ್ಟಳು. ಶೆಡ್ಡಿನಲ್ಲಿ ಕಣ್ಣಿದ್ದವರೆಲ್ಲರಿಗೂ ಅದು ಕೇಳಿಸಿತ್ತು. ಬನಶಂಕರಿ ಆವತ್ತು ಊಟ ಬಿಟ್ಟು ಒಳಗೆ ಹೋದಳು. ಆಮೇಲಿಂದ, ಬೇರೆಯವರು ನೋಡಬಾರದ ಮಾತೇನಾದರೂ ಬಂದರೆ ಅವಳು ಗೋಡೆಯ ಕಡೆ ತಿರುಗುತ್ತಿದ್ದಳು. ಆಗ ಆ ತಿರುಗಿದ ಮುಖದ ಕೆನ್ನೆ ಅವನೊಬ್ಬನಿಗೆ ಕಾಣುತ್ತಿತ್ತು. ಒಂದು ಸಲ ಅವನು ಮಗ್ಗದ ಹಿಂದಿನಿಂದ ‘ಬಳೆ ಬೇಕಾ’ ಎಂದು ಕೇಳಿದ್ದ. ಅವಳು ಅದನ್ನು ‘ಮಳೆ ಬೇಕಾ’ ಎಂದು ಓದಿಕೊಂಡು, ಕಿಟಕಿಯಿಂದ ಬಗ್ಗಿ ಆಕಾಶ ನೋಡಿ, ಬೇಕು ಎಂದು ತಲೆಯಾಡಿಸಿದ್ದಳು. ಅದನ್ನು ನೆನೆಸಿಕೊಂಡು ಎಷ್ಟು ವರ್ಷ ನಕ್ಕಿದ್ದರು. ಈಗ ದೇವನಹಳ್ಳಿಯ ಹೊರಗೆ ಹೋಟೆಲಿನ ಮುಂದೆ ನಿಂತಿದ್ದವರೆಲ್ಲ ಒಟ್ಟಿಗೆ ತಲೆಯೆತ್ತಿದ್ದನ್ನು ಕಂಡು ಅವನೂ ಎತ್ತಿದ. ಕಾಲು ಚಾಚಿಕೊಂಡು ವಿಮಾನವೊಂದು ಇಳಿಯುತ್ತಿತ್ತು. ಅಷ್ಟು ದೊಡ್ಡ ವಸ್ತು ಅವನ ಪಾಲಿಗೆ ಎದೆಯೊಳಗಿನ ಸಣ್ಣ ನಡುಕವಷ್ಟೇ ಆಗಿ ದಾಟಿತು. ಕೆಂಪರಾಜನ ಕಾರು ದಿನವೂ ಬರುವುದು ಇಲ್ಲಿಗೇ ಎಂಬುದು ತಕ್ಷಣ ನೆನಪಾಯಿತು. ಬರ್ತೀನಿ ಎಂದರೆ ಇಲ್ಲಿಗೋ, ಇನ್ನೆಲ್ಲಿಗೋ?

ದೇವನಹಳ್ಳಿ ದಾಟಿ ನಲ್ಲೂರಿನ ಕಡೆ ಹೋಗುವಾಗ ಅದು ನಡೆಯಿತು. ರಸ್ತೆ ಕಿರಿದಾಗಿತ್ತು. ಅವನು ಮಧ್ಯದಲ್ಲೇ ಹೋಗುತ್ತಿದ್ದ, ಯೋಚನೆಯಲ್ಲಿರುವವರು ಹೋಗುವ ಹಾಗೆ. ಯಾರೋ ಹೆಗಲನ್ನು ಬಲವಾಗಿ ನೂಕಿದರು. ಸೈಕಲ್ ಎಡಕ್ಕೆ ವಾಲಿ, ಮಣ್ಣಿಗಿಳಿದು, ಅವನು ಪಾರ್ಥೇನಿಯಂ ಗಿಡಗಳ ಮೇಲೆ ಮಗ್ಗುಲಾಗಿ ಬಿದ್ದ. ಬೀಳುತ್ತ ಕಂಡದ್ದು ಬನಶಂಕರಿಯ ಚಾಚಿದ ಕೈ. ಮುನಿಸ್ವಾಮಿಯ ಕಣ್ಣು ಹೊಡೆತ, ಫೋನಿನ ಸುದ್ದಿಗಳು, ಆವತಿಯ ಜಗುಲಿ, ಎಲ್ಲ ಒಂದೇ ಉಸಿರಿಗೆ ನುಗ್ಗಿದವು. ತಳ್ಳಿಬಿಟ್ಟಳು ಎಂದುಕೊಂಡ. ಜಲ್ಲಿ ತುಂಬಿದ ಟಿಪ್ಪರ್ ತಾನು ಈಗಷ್ಟೇ ಇದ್ದ ಜಾಗವನ್ನು ಸವರಿಕೊಂಡು ಹೋದದ್ದು ಅದಾದಮೇಲೆ ಕಂಡಿತು. ಡ್ರೈವರು ಕಿಟಕಿಯಿಂದ ಕತ್ತು ಹಾಕಿ ಬೈದದ್ದನ್ನು ಮಾತ್ರ ಸ್ಪಷ್ಟವಾಗಿ ಓದಿದ. ಅವನ ಹಿಂದೆಯೇ ಅಂಚಿಗಿಳಿದಿದ್ದ ಅವಳು ಸೈಕಲ್ಲನ್ನು ಅಲ್ಲೇ ಬಿಸಾಕಿ ಓಡಿ ಬಂದಳು. ಬಾಯಿ ದೊಡ್ಡದಾಗಿ ತೆರೆದು ಮುಚ್ಚುತ್ತಿತ್ತು. ಎಷ್ಟು ಬೆಲ್ ಹೊಡ್ದೆ, ಎಷ್ಟು ಕೂಗ್ದೆ ಎನ್ನುತ್ತಿದ್ದಳು. ಮೊಣಕೈ ಉರಿಯುತ್ತಿತ್ತು, ಅದಕ್ಕಿಂತ ನಾಚಿಕೆ ಹೆಚ್ಚು ಉರಿಯುತ್ತಿತ್ತು. ಕೇಳಿಸಿತು, ಪಕ್ಕಕ್ಕೆ ತಗೊಳ್ಳುವವನೇ ಇದ್ದೆ, ಅಷ್ಟರಲ್ಲಿ ನೀನು ತಳ್ಳಿದೆ ಎಂದು ಗದರಿದ. ಅವಳು ಅವನ ಮುಖವನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ದುಪಟ್ಟಾದ ತುದಿಯಿಂದ ಅವನ ಮೊಣಕೈಯ ಮಣ್ಣು ಒರೆಸಿದಳು.

ನಲ್ಲೂರಿನ ಹುಣಸೆ ತೋಪಿನಲ್ಲಿ ಬುತ್ತಿ ಬಿಚ್ಚಿದರು. ಎಷ್ಟು ಕಾಲದ ಮರಗಳೋ, ಕಾಂಡಗಳು ಒಳಗೊಳಗೇ ಟೊಳ್ಳಾಗಿ, ಬಾಗಿ, ಆದರೂ ಮೇಲೆ ಹಸಿರು ಹೊತ್ತು ನಿಂತಿದ್ದವು. ಅವರಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ. ಬೇರೆಯವರಿಗಾದರೆ ಇದು ನಿಶ್ಶಬ್ದ. ಅವನಿಗೆ ಎಲ್ಲಿ ನಿಶ್ಶಬ್ದವಾದರೂ ಕಿವಿಯೊಳಗೆ ಮಗ್ಗ ಶುರುವಾಗುತ್ತದೆ, ಬೀಗ ಹಾಕಿ ಬಂದರೂ ನಿಲ್ಲದ ಮಗ್ಗ, ಖಟಕ್ ಖಟಕ್ ಎಂದು. ರಾಗಿರೊಟ್ಟಿಯನ್ನು ಹುಚ್ಚೆಳ್ಳು ಚಟ್ನಿಯಲ್ಲಿ ಅದ್ದಿದವನು ಬಾಯಿಗಿಡದೆ ಮತ್ತೆ ಡಬ್ಬಿಯಲ್ಲಿಟ್ಟ. ಅನುಮಾನವನ್ನು ಹೀಗೆ ನುಂಗಿಕೊಂಡು ಸಮೇತನಹಳ್ಳಿಯವರೆಗೆ ಹೋಗಲು ತನ್ನಿಂದಾಗದು ಎನ್ನಿಸಿತು. ಅವಳು ಎದುರಿಗೇ ಕೂತಿದ್ದಳು, ಮುಖ ಚೆನ್ನಾಗಿ ಕಾಣುತ್ತಿತ್ತು.

‘ಎಲ್ಲಿಗ್ ಬರ್ತೀನಿ ಅಂದೆ ಕೆಂಪರಾಜಂಗೆ?’ ಎಂದು ಕೇಳಿದ.

ಅವಳಿಗೆ ಅರ್ಥವಾಗಲಿಲ್ಲ. ನಾನು ಯಾವಾಗ ಬರ್ತೀನಿ ಅಂದೆ ಎಂದಳು. ನಾನು ನೋಡಿದೆ ಎಂದ ಅವನು. ಗಾಳಿ ಹಾಕಿಸಲು ಕಳಿಸಿ, ಎರಡು ಸಲ ಅಂದೆ, ಆಮೇಲೆ ಅವನ ಮುಂದೆ ತುಟಿಯಲ್ಲಿ ಏನೋ ಮಾಡಿದೆ. ಏನು ಮಾಡಿದೆ ಎಂದಳು. ಅದನ್ನು ಬಾಯಿಬಿಟ್ಟು ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ. ಬೇರೆ ದಾರಿ ಕಾಣದೆ, ಐವತ್ತು ಸಮೀಪಿಸಿದ ಗಂಡಸು ಆ ಮುದಿ ಮರಗಳ ಮುಂದೆ ತನ್ನ ತುಟಿಗಳನ್ನೇ ದುಂಡಗೆ ಚಾಚಿ ಮುಚ್ಚಿ ತೋರಿಸಿದ. ಬನಶಂಕರಿಗೆ ನಗು ಉಕ್ಕಿ ಬಂತು. ಅವನ ಕಣ್ಣು ನೋಡಿದಮೇಲೆ ನಗು ಅಲ್ಲೇ ನಿಂತುಹೋಯಿತು.

‘ಬರ್ತೀನಿ ಅಲ್ಲ ರೀ’ ಎಂದಳು, ಶೆಡ್ಡಿನಲ್ಲಿ ಹೇಳುವಂತೆ ಒಂದೊಂದು ಅಕ್ಷರವನ್ನೂ ಬಿಡಿಸಿ. ‘ಮಾರ್ತೀನಿ. ನಾನ್ ಮಾರ್ತೀನಿ ಅಂತ ಅಂದಿದ್ದು, ಮಗ್ಗಗಳ್ನ.’

ಬಳೆ, ಮಳೆ. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ, ಅದು ಶೆಡ್ಡಿನ ಹಸುಳೆಗೂ ಗೊತ್ತು. ಬೀದಿಗೇ ಹೆಸರಾದ ಓದುಗ ಅದನ್ನು ಮರೆತಿದ್ದ. ಕ್ಷಣಕಾಲ ಅವನಿಗೆ ಎದೆಯ ಮೇಲಿಂದ ಕಲ್ಲು ಇಳಿಸಿದಷ್ಟು ಹಗುರವಾಯಿತು. ಆಮೇಲೆ ಆ ಮಾತು ಒಳಗಿಳಿಯಿತು. ಅವಳು ಉಳಿದದ್ದನ್ನೂ ಹೇಳಿದಳು. ಆವತಿಯ ಹೆಂಗಸರು ಸಂಘ ಮಾಡಿಕೊಂಡು ನೇಯ್ಗೆ ಶುರು ಮಾಡುತ್ತಿದ್ದಾರಂತೆ, ಕೆಂಪರಾಜನ ಹೆಂಡತಿಯೇ ಮುಂದಾಳು, ಇದ್ದಷ್ಟು ಮಗ್ಗಗಳನ್ನೂ ಒಟ್ಟಿಗೆ ಒಯ್ಯುತ್ತಾರಂತೆ. ಹೆಂಗಸರಿಗೆ ಸಾಲದಲ್ಲಿ ರಿಯಾಯಿತಿ ಇದ್ದ ಕಾಲದಲ್ಲಿ ಮಗ್ಗಗಳನ್ನೆಲ್ಲ ಅವಳ ಹೆಸರಿಗೇ ಮಾಡಿಸಿದ್ದವನು ವೇಣುಗೋಪಾಲನೇ. ಅವನ ಕಣ್ಣ ಮುಂದೆ ಶೆಡ್ಡು ಖಾಲಿಯಾಗಿ, ನೆಲದ ಮೇಲೆ ಮಗ್ಗದ ಕಾಲುಗಳ ಎಣ್ಣೆ ಕಲೆ ಮಾತ್ರ ಉಳಿಯಿತು. ಹೆಂಡತಿ ಇನ್ನೊಬ್ಬನ ಜೊತೆ ಹೋಗುತ್ತಾಳೆ ಎಂದುಕೊಂಡಾಗಲೂ ಕೈ ಹೀಗೆ ತಣ್ಣಗಾಗಿರಲಿಲ್ಲ. ಇದನ್ನು ಗಮನಿಸಿ ಅವನಿಗೆ ತನ್ನ ಬಗ್ಗೆಯೇ ಅಸಹ್ಯವಾಯಿತು.

‘ನನ್ನ ಒಂದ್ ಮಾತ್ ಕೇಳ್ದೆ?’

‘ಕೇಳ್ದೆ. ಊರ್ ಬಿಟ್ ತಕ್ಷಣ ಕೇಳ್ದೆ. ಆ ಏರು ಹತ್ತುವಾಗ ಕೇಳ್ದೆ. ಆವತಿ ಹತ್ರ ಬಂದಾಗ ಇನ್ನೊಂದ್ಸಲ ಕೇಳ್ದೆ. ಪ್ರತಿ ಸಲಾನೂ ನೀವು ಹಿಂಗಂದ್ರಿ’ ಎಂದು ಅವಳು ತುಟಿಗಳನ್ನು ದುಂಡಗೆ ಮುಂದೆ ಚಾಚಿ ಮುಚ್ಚಿದಳು.

ಅದು ಹೂಂ. ಅವನದೇ ಹೂಂ. ಕೆಂಪರಾಜ್ ಕೇಳಿದ್ದು, ಅಣ್ಣ ಒಪ್ಪಿದ್ದಾರಾ ಎಂದಿರಬೇಕು. ಅವಳು ಗಂಡನ ಹೂಂ ಅನ್ನು ಅಣಕಿಸಿ ತೋರಿಸಿದ್ದಳು. ಹೊರಡುವಾಗ ಎರಡೂ ಕೈಯಲ್ಲಿ ಕೈ ಹಿಡಿದು ಕೆಂಪರಾಜ್ ಹೇಳಿದ್ದು ಉಪಕಾರಸ್ಮರಣೆ. ಅದಕ್ಕೂ ಹೂಂ ಬಿದ್ದಿತ್ತು. ಮುನಿವೆಂಕಟಪ್ಪನ ಸಾವಿಗೆ ಬಿದ್ದ ಹಾಗೆ, ಈ ಇಷ್ಟು ವರ್ಷಗಳಲ್ಲಿ ಇನ್ನೂ ಯಾವ ಯಾವುದಕ್ಕೆ ಬಿದ್ದಿತ್ತೋ. ತನ್ನ ಸಂಸಾರದಲ್ಲಿ ತಾನು ಒಪ್ಪಿಕೊಂಡ ಎಷ್ಟು ಸಂಗತಿಗಳು ತನಗೇ ಗೊತ್ತಿಲ್ಲ ಎಂದು ಯೋಚಿಸಿ ಅವನಿಗೆ ಭಯವಾಯಿತು. ಹಿಂದೆಯೇ ಇನ್ನೊಂದು ಯೋಚನೆ ಬಂತು. ಬೆಲ್ಲಿನ ಮೇಲೆ ಸದಾ ಆಡುತ್ತಿದ್ದ ಹೆಬ್ಬೆರಳು, ಲಾರಿ ಇಲ್ಲದ ರಸ್ತೆ, ಹಿಂದೆ ಇರ್ತೀನಿ ಎಂದದ್ದು, ಹೆಗಲಿಗೆ ಬಿದ್ದ ಕೈ. ಇವಳಿಗೆ ಗೊತ್ತಿದೆ. ತನ್ನ ಕಿವಿಯ ಸಂಗತಿ ಇವಳಿಗೆ ಇವತ್ತಲ್ಲ, ಯಾವತ್ತಿನಿಂದಲೋ ಗೊತ್ತಿದೆ. ಹಾಗಾದರೆ?

‘ಹಿಂದಿನಿಂದ ಯಾಕ್ ಕೇಳ್ದೆ ಶಂಕ್ರಿ?’

ಅವಳು ತಕ್ಷಣ ಗೋಡೆ ಹುಡುಕುವವಳಂತೆ ಮುಖ ತಿರುಗಿಸಿದಳು. ತೋಪಿನಲ್ಲಿ ಗೋಡೆಯಿರಲಿಲ್ಲ. ಮತ್ತೆ ತಾನೇ ಈ ಕಡೆ ತಿರುಗಿ, ಅವನಿಗೆ ಕಾಣುವ ಹಾಗೆ ಹೇಳಿದಳು. ‘ಎದುರಿಗ್ ಬಂದ್ ಕೇಳಿದ್ರೆ ಬೇಡ ಅಂತಿದ್ರಿ. ಹಿಂದಿನಿಂದ ಕೇಳಿದ್ರೆ ಹೂಂ ಅಂತೀರಿ. ನಂಗೊತ್ತಿತ್ತು.’

ಅಂತೂ ಅವನ ಅನುಮಾನ ಸುಳ್ಳಾಗಿರಲಿಲ್ಲ, ವಿಳಾಸ ಮಾತ್ರ ತಪ್ಪಿತ್ತು. ಮೋಸ ನಡೆದೇ ಇತ್ತು, ಅವನ ಬೆನ್ನ ಹಿಂದೆಯೇ ನಡೆದಿತ್ತು, ಅವನದೇ ಸುಳ್ಳನ್ನು ಬಂಡವಾಳ ಮಾಡಿಕೊಂಡು. ಸಿಟ್ಟು ಮಾಡೋಣವೆಂದರೆ ಅದಕ್ಕೆ ಮೊದಲು, ನನಗೆ ಕೇಳಿಸಿರಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಆ ಮಾತನ್ನು ಅವನು ಡಾಕ್ಟರಿಗೂ ಹೇಳಿದವನಲ್ಲ. ಅವಳು ಅಳಲಿಲ್ಲ, ದಣಿದವರ ಹಾಗೆ ಮಾತಾಡಿದಳು. ಆ ಸದ್ದಿನ ಪಕ್ಕದಲ್ಲಿ ಅಡುಗೆ ಮಾಡಿ, ಆ ಸದ್ದಿನ ಪಕ್ಕದಲ್ಲಿ ಮಲಗಿ ಸಾಕಾಗಿದೆ ಎಂದಳು. ಗಂಡನ ಹತ್ತಿರ ಒಂದು ಮಾತಾಡಬೇಕಾದರೂ ಮುಖ ಹಿಡಿದು ತಿರುಗಿಸಿಕೊಳ್ಳಬೇಕು, ಬೆಳಕಿರಬೇಕು. ಕತ್ತಲಲ್ಲಿ ನಿಮ್ಮ ಪಕ್ಕ ಮಲಗಿ ಎಷ್ಟೊಂದು ಹೇಳಿದ್ದೇನೆ, ಅದೆಲ್ಲ ನಿಮಗೆ ಗೊತ್ತೇ ಎಂದು ಕೇಳಿದಳು. ಉಳಿದಿರುವ ಕಿವಿಯಾದರೂ ಉಳಿಯಲಿ ಎಂದಳು. ಕೊನೆಗೆ, ಡಬ್ಬಿಯ ಮುಚ್ಚಳ ಹಾಕುತ್ತ, ತಲೆಯೆತ್ತಿ ಅವನ ಕಣ್ಣಿಗೆ ನೇರವಾಗಿ ಅಂದಳು.

‘ಮಗ್ಗ ಇರೋದಾದ್ರೆ ನಾನು ಆ ಮನೇಗ್ ವಾಪಸ್ ಬರಲ್ಲ, ರೂಪನ ಮನೇಲೇ ಉಳ್ಕೋತೀನಿ. ಇದ್ನೂ ಹಿಂದಿನಿಂದ ಹೇಳಿದ್ದೆ. ಅದಕ್ಕೂ ಹೂಂ ಅಂದ್ರಿ.’

ಮತ್ತೆ ಹೊರಟಾಗ ಹೊತ್ತು ವಾಲಿತ್ತು. ಯಾರು ಮುಂದೆ ಯಾರು ಹಿಂದೆ ಎಂಬ ಮಾತು ಬರಲಿಲ್ಲ. ಅವನು ಅಭ್ಯಾಸಬಲದಿಂದ ಮುಂದಾದ, ಅವಳು ಹಿಂದಾದಳು. ಬಿಸಿಲು ಬೆನ್ನಿಗೆ ಬಿದ್ದುದರಿಂದ ಇಬ್ಬರ ನೆರಳೂ ರಸ್ತೆಯ ಮೇಲೆ ಮುಂದೆ ಹೋಗುತ್ತಿತ್ತು. ಅವಳ ನೆರಳಿನ ತಲೆ ಆಗಾಗ ಅವನ ಚಕ್ರದ ಕೆಳಗೆ ಬರುತ್ತಿತ್ತು. ನೆರಳಿಗೆ ತುಟಿಯಿಲ್ಲ. ಅದನ್ನು ನೋಡಿಕೊಂಡು ಅವನು ತುಳಿಯುತ್ತಿದ್ದ. ಈ ರಸ್ತೆ ಮುಗಿದರೆ ಸಮೇತನಹಳ್ಳಿ. ಅಲ್ಲಿ ರೂಪ ನಗುತ್ತ ಬಾಗಿಲು ತೆರೆಯುತ್ತಾಳೆ, ಒಳಗೆ ಹೋದ ಹೆಂಡತಿ ಅಲ್ಲೇ ಉಳಿದುಬಿಡುತ್ತಾಳೆ, ತಾನು ಒಬ್ಬನೇ ಊರಿಗೆ ಹೋಗಿ ಬೀಗ ತೆಗೆದು ಮಗ್ಗ ಓಡಿಸುತ್ತೇನೆ. ಇಲ್ಲವೇ ಅವಳು ತನ್ನ ಜೊತೆ ಬರುತ್ತಾಳೆ, ಮಗ್ಗವಿಲ್ಲದ ಮನೆಗೆ. ಅಲ್ಲಿ ತಾನು ಏನು ಮಾಡಬೇಕು, ಯಾರಾಗಿರಬೇಕು? ತೊಡೆಗಳು ತಾವಾಗಿ ತುಳಿಯುತ್ತಿದ್ದವು. ಹಿಂದಿನಿಂದ ಅವಳು ಏನೋ ಹೇಳಿದಳೆಂದು ಅನ್ನಿಸಿತು. ಹೂಂ ಗಂಟಲಿಗೆ ಬಂತು. ಅವನು ಎರಡೂ ಬ್ರೇಕು ಹಿಡಿದು, ಕಾಲು ನೆಲಕ್ಕೂರಿ ತಿರುಗಿದ.

‘ಏನಂದೆ? ನಂಗ್ ಕೇಳಿಸ್ಲಿಲ್ಲ’ ಎಂದ.

ಅಷ್ಟು ಹೇಳಲು ಇಷ್ಟು ವರ್ಷ ಬೇಕಾಗಿತ್ತು. ಹೇಳಿದಮೇಲೆ ಆಕಾಶವೇನೂ ಬೀಳಲಿಲ್ಲ. ಬನಶಂಕರಿ ಸೈಕಲ್ ನಿಲ್ಲಿಸಿ ಅವನನ್ನೇ ನೋಡಿದಳು. ನಾನು ಮಾತೇ ಆಡಲಿಲ್ಲ ಎಂದಳು. ಅವನು ಅವಮಾನದಿಂದಲೋ ಸಮಾಧಾನದಿಂದಲೋ ನಕ್ಕುಬಿಟ್ಟ. ಹಾಗಾದರೆ ಈಗ ಕೇಳು, ಎದುರಿಗೆ ಬಂದು ಕೇಳು ಎಂದ. ಅವಳು ಇಳಿದು, ಸೈಕಲ್ ತಳ್ಳಿಕೊಂಡು ಸುತ್ತಿ ಬಂದು, ತನ್ನ ಮುಂದಿನ ಚಕ್ರವನ್ನು ಅವನ ಮುಂದಿನ ಚಕ್ರಕ್ಕೆ ತಾಗಿಸಿ ನಿಂತಳು. ಬಿಸಿಲು ಅವಳ ಮುಖಕ್ಕೆ ಬಿದ್ದಿತ್ತು. ಅವಳ ಬೆನ್ನ ಹಿಂದೆ ಸಮೇತನಹಳ್ಳಿಯ ಕಡೆ ಹೋಗುವ ರಸ್ತೆ. ಈಗ ಅವಳ ಕಣ್ಣು ತುಂಬಿತ್ತು, ಗದ್ದ ಅದುರುತ್ತಿತ್ತು. ತುಟಿಗಳು ಒಂದಕ್ಕೊಂದು ಸೇರಿ, ಬಿಟ್ಟುಕೊಂಡು, ಸಣ್ಣದೊಂದು ಪ್ರಶ್ನೆ ಕೇಳಿದವು. ಮಾರ್ಲಾ ಎಂದಳೋ, ಬರ್ಲಾ ಎಂದಳೋ. ಮಗ್ಗ ಮಾರಲೇ ಎಂದು ಕೇಳುತ್ತಿದ್ದಾಳೋ, ಬಿಟ್ಟು ಹೊರಡುವವರು ಕೇಳುವಂತೆ ಬರಲೇ ಎಂದು ಕೇಳುತ್ತಿದ್ದಾಳೋ, ಅವನಿಗೆ ತಿಳಿಯಲಿಲ್ಲ. ಅವನ ತುಟಿಗಳು ತಾವಾಗಿಯೇ ದುಂಡಗಾಗಿ ಮುಂದೆ ಬರುತ್ತಿದ್ದವು. ಅವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ.

‘ಇನ್ನೊಂದ್ಸಲ ಹೇಳು’ ಎಂದ.